ಮರೆತವರ ವ್ರತ

ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಉಣ್ಣುವುದಿಲ್ಲ ಎಂದು ಚಿಕ್ಕ ವಯಸ್ಸಿನಲ್ಲಿ ವ್ರತ ಹಿಡಿದು ಬದುಕಿಡೀ ನಡೆಸಿಕೊಂಡು ಬಂದವರು, ಮುಪ್ಪಿನಲ್ಲಿ ಮರೆವಿನ ಕಾಯಿಲೆ ಹತ್ತಿ ಆ ವ್ರತವನ್ನೇ ಮರೆತರೆ ಏನು ಮಾಡಬೇಕು? ರಾತ್ರಿ ಒಂಬತ್ತಕ್ಕೆ ಎದ್ದು ಕೂತು ಊಟ ಕೇಳಿದರೆ ಬಡಿಸಬೇಕೋ, ಅವರ ವ್ರತವನ್ನು ಅವರ ಪರವಾಗಿ ನಾವು ಕಾಯಬೇಕೋ? ಇದು ನಮ್ಮ ಮನೆಯ ಪ್ರಶ್ನೆ. ಅತ್ತೆಯವರ ಪ್ರಶ್ನೆ ಎನ್ನಲಾರೆ. ಅವರಿಗೆ ಹಸಿವಾಗಿದೆ, ಊಟ ಬೇಕು, ಅಷ್ಟೇ.

ನಾನು ಹಾಸನ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ನಿವೃತ್ತಿಯ ಹೊತ್ತಿಗೆ ಹುದ್ದೆಯ ಹೆಸರು ಶುಶ್ರೂಷಾಧಿಕಾರಿ ಎಂದಾಗಿತ್ತು, ಜನರಿಗೆ ಮಾತ್ರ ಕೊನೆಯವರೆಗೂ ಸಿಸ್ಟರ್. ಮನೆ ಶ್ರವಣಬೆಳಗೊಳದ ಆಸುಪಾಸಿನ ಒಂದು ಹಳ್ಳಿಯಲ್ಲಿ. ಕೆಲಸದ ಕೊನೆಯ ವರ್ಷಗಳಲ್ಲಿ ನಮಗೆ ‘ವ್ಯಕ್ತಿ ಕೇಂದ್ರಿತ ಆರೈಕೆ’ ಎಂಬ ತರಬೇತಿ ಕೊಟ್ಟರು. ಹೇಳಿಕೊಟ್ಟದ್ದೆಲ್ಲ ಒಳ್ಳೆಯದೇ. ರೋಗಿಯನ್ನು ಬೆಡ್ ನಂಬರಿನಿಂದ ಕರೆಯಬೇಡಿ, ಹೆಸರು ಹಿಡಿದು ಕರೆಯಿರಿ. ಮೈ ಮುಟ್ಟುವ ಮೊದಲು ಏನು ಮಾಡುತ್ತೀರೆಂದು ಹೇಳಿ. ಅವರಿಗೆ ಏನು ಇಷ್ಟ, ಯಾವುದು ಒಗ್ಗದು, ಯಾರು ಜೊತೆಗಿದ್ದರೆ ಧೈರ್ಯ ಎಂದು ಕೇಳಿ. ಚಿಕಿತ್ಸೆಯ ತೀರ್ಮಾನದಲ್ಲಿ ಅವರನ್ನೂ ಸೇರಿಸಿಕೊಳ್ಳಿ. ಇದನ್ನು ನಾನು ಮನಸಾರೆ ಒಪ್ಪಿದೆ, ಈಗಲೂ ಒಪ್ಪುತ್ತೇನೆ. ಆದರೆ ಕೇಳಿದರೆ ಹೇಳಬಲ್ಲವರು ಎದುರಿಗಿದ್ದಾರೆ ಎಂದುಕೊಂಡೇ ಇದೆಲ್ಲ ನಡೆಯುತ್ತದೆ. ನಿನ್ನೆಯವರೆಗೆ ಒಂದು ಹೇಳುತ್ತಿದ್ದವರು ಇವತ್ತು ಅದಕ್ಕೆ ತದ್ವಿರುದ್ಧವಾದದ್ದನ್ನು ಕೇಳಿದರೆ, ನಡುವೆ ಕೂರಿಸಿಕೊಳ್ಳಬೇಕಾದ ವ್ಯಕ್ತಿ ಯಾರು? ತರಬೇತಿ ಅಲ್ಲಿಯವರೆಗೆ ಬರಲಿಲ್ಲ.

ನಮ್ಮದು ಜೈನರ ಮನೆ, ಅತ್ತೆಯವರದು ತಿಥಿ ನೋಡಿ ನಡೆದ ಬದುಕು. ಅಷ್ಟಮಿ, ಚತುರ್ದಶಿಗೆ ಒಪ್ಪೊತ್ತು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮನೆಯೊಳಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಬಸದಿಗೆ ಹೋಗಿ ಗಂಧೋದಕ ಹಚ್ಚಿಕೊಂಡು ಬಂದ ಮೇಲೆಯೇ ಬಾಯಿಗೆ ಏನಾದರೂ. ಸಂಜೆ ದನ ಕೊಟ್ಟಿಗೆಗೆ ಬರುವ ಮೊದಲು ಅವರ ಊಟ ಮುಗಿದು, ಪಾತ್ರೆ ತೊಳೆದು, ಒಲೆ ಸಾರಿಸಿ ಆಗಿರುತ್ತಿತ್ತು. ನನಗೆ ಸಂಜೆ ಡ್ಯೂಟಿ ಇದ್ದ ದಿನ ಮಧ್ಯಾಹ್ನವೇ ಡಬ್ಬಿ ಕಟ್ಟಿಕೊಟ್ಟು, ‘ಹೊತ್ತಿರುವಾಗ್ಲೇ ತಿಂದ್ಕೊಂಬಿಡಮ್ಮ’ ಎನ್ನುತ್ತಿದ್ದರು. ವಾರ್ಡಿನಲ್ಲಿ ಹೊತ್ತು ನೋಡಿ ಊಟಕ್ಕೆ ಕೂರಲು ಎಲ್ಲಿ ಆಗುತ್ತದೆ? ಅವರಿಗೂ ಅದು ಗೊತ್ತಿತ್ತು. ಎಷ್ಟು ಗಂಟೆಗೆ ತಿಂದೆ ಎಂದು ಒಂದು ದಿನವೂ ನನ್ನನ್ನು ಕೇಳಲಿಲ್ಲ. ಈ ಮಾತಿಗೆ ಮುಂದೆ ಬರುತ್ತೇನೆ.

ಮರೆವು ಮೊದಲು ಸಂಜೆಗಳನ್ನು ಹಿಡಿಯಿತು. ಬೆಳಕು ಇಳಿಯುತ್ತಿದ್ದಂತೆ ಅವರಿಗೆ ಚಡಪಡಿಕೆ ಶುರು. ಮರೆವಿನ ಕಾಯಿಲೆಯಲ್ಲಿ ಇದು ಸಾಮಾನ್ಯ, ಸಂಜೆಗೆ ಗಲಿಬಿಲಿ ಹೆಚ್ಚುತ್ತದೆ. ತವರಿಗೆ ಹೋಗಬೇಕು ಅನ್ನುವುದು, ಸೆರಗು ಕಟ್ಟಿ ಬಾಗಿಲಿಗೆ ಹೋಗುವುದು. ಐದೂವರೆಗೆ ಉಂಡದ್ದು ಏಳಕ್ಕೆ ನೆನಪಿಲ್ಲ. ಒಂಬತ್ತಕ್ಕೆ, ‘ಯಾರೂ ಊಟ ಹಾಕ್ಲಿಲ್ವಲ್ಲ ಕಣವ್ವ, ಹೊಟ್ಟೆ ಹಸೀತದೆ’ ಎಂಬ ಮಾತು. ಅವ್ವ ಎಂದರೆ ನಾನು. ಆಗಷ್ಟೇ ಊಟ ಆಯಿತಲ್ಲ ಎಂದರೆ ನಂಬುತ್ತಿರಲಿಲ್ಲ. ನಂಬಿಸಲು ಹೋದರೆ ಅಳು.

ನನ್ನ ನಾದಿನಿ ಕಾರ್ಕಳಕ್ಕೆ ಕೊಟ್ಟವರು. ಒಮ್ಮೆ ಬಂದಿದ್ದಾಗ ರಾತ್ರಿ ನಾನು ತಾಯಿಗೆ ಗಂಜಿ ಕುಡಿಸುವುದನ್ನು ನೋಡಿ ತಡೆದರು. ‘ಅಮ್ಮ ಏನು ಅಂತ ನಿಮಗೆ ಗೊತ್ತಿಲ್ವಾ ಅತ್ತಿಗೆ? ಜ್ವರ ಬಂದು ಮಲಗಿದಾಗ್ಲೂ ಹೊತ್ತು ಮುಳುಗಿದ್ಮೇಲೆ ನೀರು ಬಿಟ್ಟು ಇನ್ನೇನೂ ಮುಟ್ಟಿದವರಲ್ಲ. ಈಗ ಅವರಿಗೆ ತಿಳಿಯಲ್ಲ ಅಂತ ನೀವು ಉಣ್ಣಿಸಿದ್ರೆ, ಅವರು ಜೀವಮಾನವೆಲ್ಲ ಕಾಪಾಡಿಕೊಂಡಿದ್ದನ್ನ ಅವರು ನೋಡ್ದೇ ಇದ್ದಾಗ ತೆಗೆದುಬಿಟ್ಟ ಹಾಗೆ.’ ಬೆಂಗಳೂರಿನಿಂದ ಮೈದುನ ಫೋನಿನಲ್ಲಿ, ಹಸಿದವರಿಗೆ ಅನ್ನ ಹಾಕಲು ಇಷ್ಟು ಮಾತು ಯಾಕೆ ಎಂದ. ಟ್ಯೂಬ್‌ಲೈಟೆಲ್ಲ ಹಾಕಿ, ಇನ್ನೂ ಹಗಲಿದೆ ಎಂದು ಹೇಳಿ ಉಣ್ಣಿಸಿ ಎಂದು ನೆಂಟರೊಬ್ಬರು ಸಲಹೆ ಕೊಟ್ಟರು. ನಮ್ಮ ಯಜಮಾನರು ಅದಕ್ಕೆ ಒಪ್ಪಲಿಲ್ಲ. ತಾಯಿಗೆ ಸುಳ್ಳು ಹೇಳುವುದು ಬೇಡ, ಉಣ್ಣಿಸುವುದಾದರೆ ರಾತ್ರಿ ಎಂದೇ ಉಣ್ಣಿಸೋಣ ಎಂದರು.

ನಾದಿನಿಯ ಮಾತನ್ನು ಹಳೆಯ ಕಾಲದ ಮಡಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮನುಷ್ಯನೆಂದರೆ ಈ ಗಳಿಗೆಯ ಆಸೆಯಷ್ಟೇ ಅಲ್ಲ, ತನ್ನನ್ನು ತಾನು ಯಾವುದಕ್ಕೆ ಕಟ್ಟಿಕೊಂಡನೋ ಅದೂ ಅವನೇ ಎನ್ನುವುದು ಅವರ ವಾದದ ತಿರುಳು. ನಮ್ಮ ಕಾನೂನು ಕೂಡ ಇದನ್ನು ಒಪ್ಪುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮುಂಗಡ ನಿರ್ದೇಶನಕ್ಕೆ ಅವಕಾಶವಿದೆ. ಮುಂದೆ ನನ್ನ ತೀರ್ಮಾನ ಶಕ್ತಿ ಹೋದರೆ ನನ್ನನ್ನು ಹೀಗೆ ನೋಡಿಕೊಳ್ಳಿ, ಹೀಗೆ ನೋಡಿಕೊಳ್ಳಬೇಡಿ ಎಂದು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡಬಹುದು, ತನ್ನ ಪರವಾಗಿ ಮಾತಾಡುವವರನ್ನು ಹೆಸರಿಸಬಹುದು. ಅತ್ತೆಯವರ ವ್ರತವನ್ನೂ ಅಂಥದ್ದೇ ಒಂದು ನಿರ್ದೇಶನ ಎಂದು ಏಕೆ ತಿಳಿಯಬಾರದು? ಕಾಗದದಲ್ಲಿ ಬರೆಯದೆ ಬದುಕಿನಲ್ಲಿ ಬರೆದದ್ದು ಇನ್ನೂ ಗಟ್ಟಿಯಲ್ಲವೇ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಮಾವನವರ ಕಪಾಟಿನಲ್ಲಿ ಭಗವತೀ ಆರಾಧನಾ ಇತ್ತು. ಶಿವಾರ್ಯರು ಬರೆದ, ಎರಡು ಸಾವಿರಕ್ಕೂ ಹೆಚ್ಚು ಪ್ರಾಕೃತ ಗಾಹೆಗಳ ಗ್ರಂಥ. ನಮ್ಮ ವಡ್ಡಾರಾಧನೆಯ 19 ಕಥೆಗಳ ಬೇರು ಇರುವುದು ಇದರಲ್ಲೇ. ಆಹಾರವನ್ನು ಮೆಲ್ಲಮೆಲ್ಲನೆ ತೊರೆದು ದೇಹ ಬಿಡುವ ಸಲ್ಲೇಖನ ವ್ರತ ಹಿಡಿದ ಮುನಿಯನ್ನು ಕೊನೆಯವರೆಗೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಅಲ್ಲಿ ಹೇಳಿದಷ್ಟು ವಿವರವಾಗಿ ನನ್ನ ನರ್ಸಿಂಗ್ ಪುಸ್ತಕಗಳೂ ಹೇಳಿರಲಿಲ್ಲ. ವ್ರತ ಹಿಡಿದವನು ಕ್ಷಪಕ, ನೋಡಿಕೊಳ್ಳುವವರು ನಿರ್ಯಾಪಕರು. ಒಬ್ಬ ಕ್ಷಪಕನಿಗೆ 48 ನಿರ್ಯಾಪಕರು. ಎತ್ತಿ ಕೂರಿಸುವುದಕ್ಕೆ, ಮಗ್ಗುಲು ಬದಲಿಸುವುದಕ್ಕೆ ನಾಲ್ವರು. ಧರ್ಮಕಥೆ ಹೇಳುವುದಕ್ಕೆ ನಾಲ್ವರು. ಆಹಾರಕ್ಕೆ, ಪಾನೀಯಕ್ಕೆ ಬೇರೆ ಬೇರೆ ನಾಲ್ವರು. ಮಲಮೂತ್ರ ತೆಗೆಯಲು ನಾಲ್ವರು. ಬಾಗಿಲಲ್ಲಿ ನಿಂತು ಬಂದುಹೋಗುವವರನ್ನು ನೋಡಿಕೊಳ್ಳಲು, ರಾತ್ರಿ ನಿದ್ದೆಗೆಟ್ಟು ಕೂರಲು ಮತ್ತೆ ನಾಲ್ವರು. ಕಾಲ ಕೆಟ್ಟು ಅಷ್ಟು ಜನ ಸಿಗದಿದ್ದರೆ ಸಂಖ್ಯೆ ಇಳಿಸಬಹುದು. ಆದರೆ ಇಬ್ಬರಿಗಿಂತ ಕಡಿಮೆ ಮಾಡುವಂತಿಲ್ಲ. ಒಬ್ಬನೇ ಆದರೆ, ಅವನು ತನ್ನ ಆಹಾರಕ್ಕೆ ಹೋದಾಗ ಕ್ಷಪಕ ಅನಾಥ. ಹೋಗದಿದ್ದರೆ ತಾನೇ ಬೀಳುತ್ತಾನೆ. ಎರಡೂ ಕಡೆ ಧರ್ಮಕ್ಕೆ ಹಾನಿ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಾನು ಕಂಡ ನೂರಾರು ಮನೆಗಳು. ಲಕ್ವ ಹೊಡೆದ ಮಾವ, ಮೂಳೆ ಮುರಿದ ಅತ್ತೆ, ಕ್ಯಾನ್ಸರಿನ ಗಂಡ. ನೋಡಿಕೊಳ್ಳುವವಳು ಒಬ್ಬಳೇ ಹೆಂಗಸು. ಅವಳು ಸ್ನಾನಕ್ಕೆ ಹೋಗಬೇಕಾದರೂ ಪಕ್ಕದ ಮನೆಯ ಹುಡುಗಿಯನ್ನು ಕೂರಿಸಿ ಹೋಗಬೇಕು. ಆಸ್ಪತ್ರೆಯಲ್ಲೂ ಅಷ್ಟೇ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬ ಸಿಸ್ಟರನ್ನು ಬಿಟ್ಟು, ಪ್ರತಿಯೊಬ್ಬ ರೋಗಿಯನ್ನೂ ವ್ಯಕ್ತಿಯೆಂದು ಕಾಣು ಎಂದರೆ ಅವಳು ಯಾವ ಕಣ್ಣಿನಿಂದ ಕಾಣಬೇಕು? ಡ್ರಿಪ್ ಮುಗಿದಿದೆ, ಇನ್ನೊಂದು ಕಡೆ ಉಸಿರು ಕಟ್ಟಿದೆ, ಅಟೆಂಡರ್‌ಗಳು ಕೂಗುತ್ತಿದ್ದಾರೆ. ಅವಳ ಬಾಯಲ್ಲಿ ಬರುವುದು ‘ಏಳನೇ ಬೆಡ್’ ಎಂಬ ಮಾತೇ. ಅದಕ್ಕೆ ಅವಳ ಮನಸ್ಸನ್ನು ದೂರುವುದು ಅನ್ಯಾಯ. ನೋಡಿಕೊಳ್ಳುವ ಕೈಗಳನ್ನು ಹೆಚ್ಚಿಸದೆ ಕರುಣೆಯನ್ನು ಮಾತ್ರ ಹೆಚ್ಚಿಸಲು ಹೇಳುವ ತರಬೇತಿ ಅರ್ಧ ತರಬೇತಿ ಎಂದು ನನಗೆ ಅನ್ನಿಸುತ್ತದೆ. ನಮ್ಮ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೇ ಶತಮಾನದಿಂದ ಈಚೆಗೆ ಕೆತ್ತಿದ ಬರಹಗಳಿವೆ, ವ್ರತದಿಂದ ದೇಹ ಬಿಟ್ಟವರ ಹೆಸರು ಹೇಳುವಂಥವು. ಅವುಗಳ ನಡುವೆ ನಡೆಯುವಾಗ, ಇವರನ್ನು ರಾತ್ರಿ ಎತ್ತಿ ಕೂರಿಸಿದವರು ಯಾರಿರಬಹುದು ಎಂದೇ ನನಗೆ ಯೋಚನೆ.

ಆ ಗ್ರಂಥದ ಇನ್ನೊಂದು ಭಾಗದ ಹೆಸರು ಸಾರಣಾ, ಅಂದರೆ ನೆನಪು ಕೊಡುವುದು. ಕ್ಷಪಕನಿಗೆ ವೇದನೆಯಲ್ಲಿ ಬುದ್ಧಿ ಕದಡಿದರೆ, ತಾನು ಯಾರೆಂಬುದೇ ಮರೆತರೆ, ನಿರ್ಯಾಪಕಾಚಾರ್ಯ ಹತ್ತಿರ ಕೂತು ಕೇಳಬೇಕು: ನೀನು ಯಾರು, ನಿನ್ನ ಹೆಸರೇನು, ಎಲ್ಲಿ ಇದ್ದೀಯೆ, ಈಗ ಯಾವ ಹೊತ್ತು, ನಾನು ಯಾರು. ಓದಿ ಬೆಚ್ಚಿದೆ. ಅತ್ತೆಯವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಕೇಳಿದ ಪ್ರಶ್ನೆಗಳೂ ಇವೇ. 1975ರಿಂದ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ, 30 ಅಂಕಗಳ ಪರೀಕ್ಷೆ ಅದು. ಇದು ಯಾವ ಊರು, ಯಾವ ತಿಂಗಳು, ಇವತ್ತು ಎಷ್ಟನೇ ತಾರೀಖು. ತಾರೀಖಿಗೆ ಅತ್ತೆಯವರು ‘ಚತುರ್ದಶಿ ಅಲ್ವಾ’ ಎಂದರು. ಆ ಡಾಕ್ಟರು ಒಳ್ಳೆಯವರು, ನಕ್ಕು ಬರೆದುಕೊಂಡರು, ಅಂಕ ಮಾತ್ರ ಕೊಡಲಾಗಲಿಲ್ಲ. ಮನೆಗೆ ಬಂದು ಪಂಚಾಂಗ ನೋಡಿದರೆ ಅವತ್ತು ತ್ರಯೋದಶಿ. ಆ ಕೋಣೆಯಲ್ಲಿದ್ದ ನಮ್ಮ ಯಾರಿಗೂ ತಿಥಿಯ ಲೆಕ್ಕ ಅಷ್ಟು ಹತ್ತಿರದಲ್ಲೂ ಗೊತ್ತಿರಲಿಲ್ಲ.

ಕಾಯಿಲೆ ಎಷ್ಟಿದೆ ಎಂದು ತಿಳಿಯಲು ಅಂಕ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಡಾಕ್ಟರ ಪ್ರಶ್ನೆ ಉತ್ತರದೊಂದಿಗೆ ಮುಗಿಯುತ್ತದೆ. ನಿರ್ಯಾಪಕನ ಪ್ರಶ್ನೆಗೆ ಉತ್ತರ ಬಾರದಿದ್ದರೆ ಅಲ್ಲಿಂದಲೇ ಅವನ ಕೆಲಸ ಶುರು. ಕೆಲವರಿಗೆ ನೆನಪು ಮರಳುತ್ತದೆ, ಕೆಲವರಿಗೆ ಮರಳುವುದಿಲ್ಲ ಎಂದು ಗ್ರಂಥವೇ ಒಪ್ಪಿಕೊಳ್ಳುತ್ತದೆ. ಮರಳದವನಿಗೂ ಉಪಚಾರವನ್ನು ನಿಲ್ಲಿಸಬಾರದು, ಅವನಿಗೆ ಒಗ್ಗುವಂಥ, ಹಿತವಾಗುವಂಥ ಮಾತನ್ನೇ ಆಡುತ್ತಿರಬೇಕು ಎನ್ನುತ್ತದೆ. ಮರೆತ ಎಂದ ಮಾತ್ರಕ್ಕೆ ಅವನು ಕ್ಷಪಕನಲ್ಲ ಎನ್ನುವುದಿಲ್ಲ, ಅವನ ಮೇಲೆ ಕೋಪ ಮಾಡು ಎನ್ನುವುದಿಲ್ಲ.

ಏಕೆ ಹಾಗೆ? ಇಲ್ಲಿ ನಮ್ಮ ಮತದ ಒಂದು ನಂಬಿಕೆ ಹೇಳಬೇಕು. ಜೀವದ ಲಕ್ಷಣವೇ ಅರಿವು. ಮರೆವು, ಅಜ್ಞಾನ ಎಲ್ಲ ಆ ಅರಿವಿನ ಮೇಲೆ ಬಂದ ಆವರಣ, ಜ್ಞಾನಾವರಣೀಯ ಕರ್ಮ. ಮೋಡ ಎಷ್ಟೇ ದಟ್ಟವಾದರೂ ಹಗಲು ರಾತ್ರಿಯಾಗುವುದಿಲ್ಲವಲ್ಲ, ಹಾಗೆ ಆವರಣ ಎಷ್ಟೇ ಬಂದರೂ ಅರಿವಿನ ಒಂದು ಕಣ ತೆರೆದೇ ಇರುತ್ತದೆ. ಕಣ್ಣಿಗೆ ಕಾಣದ ನಿಗೋದ ಜೀವಿಯಲ್ಲೂ ಅದು ಮುಚ್ಚುವುದಿಲ್ಲ ಎನ್ನುತ್ತದೆ ಶಾಸ್ತ್ರ. ಹಾಗಿದ್ದ ಮೇಲೆ, ಗಂಡನ ಹೆಸರು ಮರೆತ, ಸೊಸೆಯನ್ನು ಅವ್ವ ಎನ್ನುವ ಮುದುಕಿಯಲ್ಲಿ ಯಾರೂ ಇಲ್ಲ ಎನ್ನಲು ನಮಗೆ ಯಾವ ಅಧಿಕಾರವಿದೆ? ಬಂದವರು ಅವರ ಎದುರೇ ‘ಇವರಿಗೇನೂ ಗೊತ್ತಾಗಲ್ಲ ಅಲ್ವಾ’ ಎಂದು ನನ್ನನ್ನು ಕೇಳಿದಾಗ ನನ್ನ ಮೈ ಉರಿಯುತ್ತದೆ. ಇದೇ ಸಿದ್ಧಾಂತವನ್ನು ಎತ್ತಿಕೊಂಡು, ಅವರು ಪಡೆದು ಬಂದ ಕರ್ಮ ಎಂದು ಕೈ ತೊಳೆದುಕೊಳ್ಳುವವರ ಮೇಲೂ ಅಷ್ಟೇ ಸಿಟ್ಟು. ಆವರಣದ ಮಾತು ಬಂದಿರುವುದು ಒಳಗೆ ಬೆಳಕಿದೆ ಎಂದು ಹೇಳುವುದಕ್ಕೆ, ರೋಗಿಯನ್ನು ದೂರುವುದಕ್ಕಲ್ಲ.

ಮರೆವಿನ ರೋಗಿಗಳ ವಿಷಯದಲ್ಲಿ ವ್ಯಕ್ತಿ ಕೇಂದ್ರಿತ ಆರೈಕೆಯ ವಿಚಾರವನ್ನು ಗಟ್ಟಿಯಾಗಿ ಮಂಡಿಸಿದವರು ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಟಾಮ್ ಕಿಟ್‌ವುಡ್, 1997ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ. ಮೆದುಳಿನ ಹಾನಿಯಷ್ಟೇ ರೋಗಿಯನ್ನು ಕುಗ್ಗಿಸುವುದಿಲ್ಲ, ಸುತ್ತಲಿನವರ ನಡತೆಯೂ ಕುಗ್ಗಿಸುತ್ತದೆ ಎಂದರು ಅವರು. ಮಗುವಿನಂತೆ ಗದರುವುದು, ಅವರು ಹಿಂದೆ ಬೀಳುವಷ್ಟು ವೇಗವಾಗಿ ಮಾತಾಡುವುದು, ಎದುರಿಗಿದ್ದರೂ ಇಲ್ಲವೆಂಬಂತೆ ಮಾತಾಡಿಕೊಳ್ಳುವುದು, ಇಂಥವನ್ನು ಒಂದೊಂದಾಗಿ ಗುರುತಿಸಿ ಇಟ್ಟರು. ಇಷ್ಟಕ್ಕೆ ನಾನು ಅವರಿಗೆ ಋಣಿ. ಆದರೆ ವ್ಯಕ್ತಿತ್ವವೆಂದರೆ ಸಂಬಂಧಗಳ ನಡುವೆ ಇತರರು ಒಬ್ಬರಿಗೆ ಕೊಡುವ ಸ್ಥಾನ ಎಂಬ ಅವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಕೊಟ್ಟದ್ದನ್ನು ಹಿಂತೆಗೆದುಕೊಳ್ಳಬಹುದು. ಕೊಡುವವರೇ ಇಲ್ಲದವರೂ ಇದ್ದಾರೆ. ಬಸ್‌ಸ್ಟ್ಯಾಂಡಿನಿಂದ ಪೊಲೀಸರು ತಂದು ಸೇರಿಸುತ್ತಿದ್ದ, ಹೆಸರು ಹೇಳಲಾಗದ, ಕೇಸ್ ಶೀಟಿನಲ್ಲಿ ‘ಅಪರಿಚಿತ’ ಎಂದು ಬರೆಸಿಕೊಂಡ ಎಷ್ಟು ಮುದುಕರನ್ನು ನಾನು ತೊಳೆದಿಲ್ಲ! ಅವರ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ, ಇಷ್ಟ ಕಷ್ಟ ಹೇಳುವ ಮಗಳೊಬ್ಬಳೂ ಇರಲಿಲ್ಲ. ಅವರ ಬೆಲೆ ನನ್ನ ಮನಸ್ಸನ್ನು ಕಾದು ನಿಂತಿರಲಿಲ್ಲ. ಜೀವಗಳು ಒಂದಕ್ಕೊಂದು ಉಪಕಾರ ಮಾಡುವುದಕ್ಕಿವೆ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಒಂದು ಇನ್ನೊಂದನ್ನು ಜೀವವನ್ನಾಗಿ ಮಾಡುತ್ತದೆ ಎಂದು ಹೇಳುವುದಿಲ್ಲ. ನಾನು ಕೊಡಬೇಕಾದದ್ದು ಉಪಕಾರ. ವ್ಯಕ್ತಿ ನಾನು ಬರುವ ಮೊದಲೇ ಅಲ್ಲಿ ಇದ್ದಾರೆ.

ಹಾಗಾಗಿ ಆರೈಕೆ ಎಂದರೆ ಮೊದಲು ಅಲ್ಲಿರುವವರನ್ನು ನೋಡುವುದು. ಅತ್ತೆಯವರು ಒಮ್ಮೆ ಆಸ್ಪತ್ರೆಗೆ ಸೇರಿದ್ದಾಗ, ಡಯಾಪರ್ ಬದಲಿಸಲು ಸುಲಭ ಎಂದು ನೈಟಿ ಹಾಕಿಸಿದರು. ಅವರು ಇಡೀ ದಿನ ಅದನ್ನು ಎಳೆದು ಎಳೆದು ಮೊಣಕಾಲು ಮುಚ್ಚಿಕೊಳ್ಳುತ್ತಿದ್ದರು. ಹಟಮಾರಿ ಪೇಷೆಂಟ್ ಎಂದು ಅಲ್ಲಿಯವರು ಬರೆದುಕೊಂಡರು. ಹಟವಲ್ಲ, ಅವರಿಗೆ ಸೆರಗು ಬೇಕಿತ್ತು. ಮನೆಗೆ ಬಂದ ಮೇಲೆ ಅವರ ಹಳೆಯ ಮೆತ್ತನೆಯ ಸೀರೆಗಳನ್ನು ಎರಡು ತುಂಡು ಮಾಡಿ, ಅರ್ಧ ಸುತ್ತಿ ಹೆಗಲ ಮೇಲೆ ಸೆರಗು ಬರುವ ಹಾಗೆ ಉಡಿಸುತ್ತೇನೆ. ಎಳೆದಾಡುವುದು ನಿಂತಿತು. ಮೈ ಒದ್ದೆಯಾದಾಗ ಅವರಿಗೆ ಈಗಲೂ ನಾಚಿಕೆಯಾಗುತ್ತದೆ, ಮುಖ ಗೋಡೆಗೆ ತಿರುಗಿಸುತ್ತಾರೆ. ನಮ್ಮಲ್ಲಿ ಮಕ್ಕಳಿಗೆ ಉದ್ದಾಯನ ಮಹಾರಾಜನ ಕಥೆ ಹೇಳುತ್ತಾರೆ. ಪರೀಕ್ಷಿಸಲು ದೇವನೊಬ್ಬ ರೋಗಿ ಮುನಿಯ ವೇಷದಲ್ಲಿ ಬಂದು, ಉಂಡದ್ದನ್ನೆಲ್ಲ ಅರಸನ ಮೇಲೆಯೇ ವಾಂತಿ ಮಾಡುತ್ತಾನೆ. ಅರಸ ಹೇಸಲಿಲ್ಲ, ತಾನು ಕೊಟ್ಟ ಆಹಾರವೇ ಸರಿಯಿರಲಿಲ್ಲವೇನೋ ಎಂದು ನೊಂದು ತೊಳೆದ. ಹೇಸದಿರುವುದು ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಒಂದು, ನಿರ್ವಿಚಿಕಿತ್ಸೆ. ವಾರ್ಡಿನಲ್ಲಿ ಹೊಸದಾಗಿ ಬಂದ ಹುಡುಗಿಯರಿಗೆ ನಾನು ಈ ಕಥೆ ಹೇಳುತ್ತಿದ್ದೆ. ಮೂಗು ಮುಚ್ಚಿಕೊಂಡರೆ ರೋಗಿಗೆ ಅದು ಕಾಣುತ್ತದೆ, ಮಾತು ಹೋದವರಿಗೂ ಕಾಣುತ್ತದೆ.

ಈಗ ವ್ರತದ ಮಾತಿಗೆ ಬರುತ್ತೇನೆ. ಚಾತುರ್ಮಾಸಕ್ಕೆ ಬಂದಿದ್ದ ಮಾತಾಜಿಯೊಬ್ಬರ ಮುಂದೆ ನಾನೂ ನಾದಿನಿಯೂ ಇದನ್ನು ಇಟ್ಟೆವು. ಅವರು ತೀರ್ಪು ಕೊಡಲಿಲ್ಲ. ರಾತ್ರಿ ನಿಜವಾಗಿ ಉಣ್ಣುತ್ತಾರೋ, ತಟ್ಟೆ ನೋಡಿ ಸುಮ್ಮನಾಗುತ್ತಾರೋ ಎಂದು ಕೇಳಿದರು. ಉಣ್ಣುತ್ತಾರೆ, ಉಂಡು ಮಲಗುತ್ತಾರೆ ಎಂದೆ. ವ್ರತ ತೆಗೆದುಕೊಂಡದ್ದು ಯಾರು ಎಂದರು. ಅಮ್ಮನೇ ಎಂದರು ನಾದಿನಿ. ‘ಹಾಗಾದ್ರೆ ನೀವು ಅದನ್ನು ಹೇಗೆ ಪಾಲಿಸ್ತೀರಿ?’ ಎಂದು ಕೇಳಿ ಸುಮ್ಮನಾದರು.

ನಾನು ಅದನ್ನು ಹೀಗೆ ಅರ್ಥಮಾಡಿಕೊಂಡೆ. ತಿಳಿದು, ಒಪ್ಪಿ, ಬೇಕೆಂದಾಗ ಬಿಡಲೂ ಬರುವಂಥದ್ದನ್ನು ಬಿಡದೆ ನಡೆಸಿದರೆ ಅದು ವ್ರತ. ಅತ್ತೆಯವರ ಸಂಕಲ್ಪ ಇದ್ದಷ್ಟು ದಿನ ಅದು ಪೂರ್ತಿಯಾಗಿ ಅವರದಾಗಿತ್ತು, ಆ ದಿನಗಳಿಗೆ ಯಾರೂ ಕುಂದು ತರಲಾರರು. ಸಂಕಲ್ಪವೇ ಮುಚ್ಚಿಹೋದ ಮೇಲೆ ಊಟ ತಪ್ಪಿಸಿದರೆ ಅದು ಅವರ ವ್ರತವಾಗುವುದಿಲ್ಲ, ನಾವು ಹಾಕಿದ ಉಪವಾಸವಾಗುತ್ತದೆ. ನಮ್ಮಲ್ಲಿ ಹಿಂಸೆಯ ಲೆಕ್ಕವೂ ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಶುರುವಾಗುವುದು; ಅತ್ತೆಯವರಲ್ಲಿ ಇಲ್ಲಿ ಪ್ರಮಾದವೆಲ್ಲಿದೆ? ಇನ್ನು ಅವರ ಸ್ವಭಾವವನ್ನೇ ಸಾಕ್ಷಿ ಕೇಳುವುದಾದರೆ, ನನ್ನ ಡಬ್ಬಿಯ ವಿಷಯವಿದೆ. ತಮ್ಮ ಮಟ್ಟಿಗೆ ಅಷ್ಟು ಬಿಗಿಯಾಗಿದ್ದವರು, ಸೊಸೆ ಎಷ್ಟು ಹೊತ್ತಿಗೆ ಉಂಡಳೆಂದು ಒಮ್ಮೆಯೂ ವಿಚಾರಿಸಲಿಲ್ಲ. ಇನ್ನೊಬ್ಬರ ವ್ರತವನ್ನು ಅವರು ಎಂದೂ ಕಾದವರಲ್ಲ. ಇದನ್ನು ಹೇಳಿದಾಗ ನಾದಿನಿ, ‘ನಿಮ್ಮ ವಿಷಯ ಬೇರೆ, ಅಮ್ಮ ತನಗೆ ತಾನು ರಿಯಾಯಿತಿ ಕೊಟ್ಕೊಂಡವರಲ್ಲ’ ಎಂದರು. ಅದೂ ನಿಜ. ಆ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ.

ಸಂಜೆ ಐದೂವರೆಯ ಊಟವನ್ನು ನಾವು ಬಿಟ್ಟಿಲ್ಲ. ಬಸದಿಯ ಗಂಟೆ ಕೇಳಿದರೆ ಅವರ ಕೈ ತಾನಾಗಿ ಜೋಡಿಸಿಕೊಳ್ಳುತ್ತದೆ, ಪಂಚನಮಸ್ಕಾರವನ್ನು ನಾವು ಎತ್ತಿಕೊಟ್ಟರೆ ಕೊನೆಯವರೆಗೂ ಹೇಳುತ್ತಾರೆ. ಇಂಥವನ್ನು ಉಳಿಸಿಕೊಳ್ಳುವುದೂ ಆರೈಕೆಯೇ. ರಾತ್ರಿ ಕೇಳಿದರೆ ಗಂಜಿ, ಇಲ್ಲವೆ ಹಾಲಿನಲ್ಲಿ ಹಿಸುಕಿದ ಬಾಳೆಹಣ್ಣು. ಕೇಳದಿದ್ದರೆ ನಾವಾಗಿ ಕೊಡುವುದಿಲ್ಲ. ಗ್ರಂಥದಲ್ಲಿ ಇಬ್ಬರಿಗಿಂತ ಕಡಿಮೆ ಬೇಡ ಎಂದಿರುವುದನ್ನು ನಾದಿನಿಗೆ ಓದಿ ಹೇಳಿದ ಮೇಲೆ, ಎರಡು ತಿಂಗಳಿಗೊಮ್ಮೆ ಅವರು ಬಂದು ತಾಯಿಯ ಜೊತೆ ಇರುತ್ತಾರೆ. ಮೈದುನ ಹಗಲಿಗೆ ಒಬ್ಬ ಆಯಾಗೆ ದುಡ್ಡು ಕಳಿಸುತ್ತಾನೆ.

ಮುಂದಿನ ಪ್ರಶ್ನೆ ಆಗಲೇ ಮನೆಯೊಳಗೆ ಬಂದಿದೆ. ಕಾಯಿಲೆ ಬೆಳೆದಂತೆ ನುಂಗುವುದು ಕಷ್ಟವಾಗುತ್ತದೆ, ಆಗ ಮೂಗಿನಿಂದ ರೈಲ್ಸ್ ಟ್ಯೂಬ್ ಹಾಕಿಸುತ್ತೀರಾ ಎಂದು ಡಾಕ್ಟರು ಕೇಳಿದ್ದಾರೆ. ಮರೆವು ಕೊನೆಯ ಹಂತಕ್ಕೆ ಬಂದವರಿಗೆ ಟ್ಯೂಬಿನಿಂದ ಆಯುಸ್ಸು ಹೆಚ್ಚುವುದಕ್ಕೆ ಆಧಾರವಿಲ್ಲ, ತಾಳ್ಮೆಯಿಂದ ಕೈಯಲ್ಲಿ ಉಣ್ಣಿಸುವುದೇ ಮೇಲು ಎಂದು ಮುಪ್ಪಿನ ವೈದ್ಯದ ತಜ್ಞರು ಹೇಳುತ್ತಾರೆ. ನೆಂಟರಲ್ಲಿ ಒಬ್ಬರು, ಆಗ ಅವರ ಹೆಸರಿನಲ್ಲಿ ಸಲ್ಲೇಖನ ಎಂದು ಸಂಕಲ್ಪ ಮಾಡಿಸಿಬಿಡಿ ಎಂದರು. ಅದಕ್ಕೆ ನಾದಿನಿಯೇ ಮೊದಲು ಬೇಡ ಎಂದದ್ದು, ನನಗಿಂತ ಜೋರಾಗಿ. ಎಚ್ಚರವಿದ್ದು ತಾನೇ ಬೇಡದವರಿಗೆ ಆ ವ್ರತವನ್ನು ಇನ್ನೊಬ್ಬರು ಕೊಡುವಂತಿಲ್ಲ ಎನ್ನುವುದರಲ್ಲಿ ನಾವಿಬ್ಬರೂ ಒಂದೇ. ಟ್ಯೂಬ್ ಬೇಡ, ಬಾಯಿ ತೆರೆದಷ್ಟು ದಿನ ಚಮಚದಲ್ಲಿ ಕೊಡುವುದು, ಮುಖ ತಿರುಗಿಸಿದರೆ ತುರುಕದೆ ತುಟಿ ಒದ್ದೆ ಮಾಡುವುದು ಎಂದು ಯಜಮಾನರು, ಮೈದುನ, ನಾವಿಬ್ಬರು ಕೂತು ಮಾತಾಡಿ ಡಾಕ್ಟರಿಗೆ ತಿಳಿಸಿದ್ದೇವೆ. ಅವತ್ತು ಅತ್ತೆಯವರನ್ನೂ ಪಕ್ಕದಲ್ಲೇ ಕೂರಿಸಿಕೊಂಡಿದ್ದೆವು.